ಹಿಟ್ಟೋ ಹೊಟ್ಟೋ

ನಂದೂರಿನ ದಾಲ್ ಮಿಲ್ಲಿನಾಗ ಹನ್ನೊಂದು ವರ್ಷ
ತೂಕದ ಚೀಟಿ ಬರೀತೀನಿ.
ಹೆಗಲ ಮ್ಯಾಲೆ ಬಿದ್ದದ್ದು ಬ್ಯಾಳಿ ಹಿಟ್ಟೋ, ನನ್ನ ತಲಿ ಹೊಟ್ಟೋ
ಯಾರಿಗೂ ತಿಳೀಲಿಲ್ಲ, ನನಗೂ,
ನಾದಿನಿ ಮದುವಿಗೆ
ಬದನೀಕಾಯಿ ಬಣ್ಣದ ಸೀರಿ ಉಡೂ ತನಕ.

ಲಿಂಬಿ ಹಚ್ಚಿದೆ, ಮೊಸರು, ಮೆಂತೆ.
ಉಳ್ಳಾಗಡ್ಡಿ ರಸ ಹಚ್ಚಿದ ವಾರ
ಟಂಟಂನಾಗ ಯಾರೂ ಮಗ್ಗಲಕ ಕೂಡಲಿಲ್ಲ.

ಚರ್ಮದ ಡಾಕ್ಟರ್ ತಲಿ ಬಗ್ಗಿಸಿ ನೋಡಿ ಅಂದ್ರು:
ಇದು ಹೋಗೂದಲ್ಲಕ್ಕಾ, ಹತೋಟ್ಯಾಗ ಇರೂದು.
ವಾರಕ್ಕ ಎರಡು ಸಲ. ಹಚ್ಚಿ ಐದು ನಿಮಿಷ ಬಿಡ್ರಿ.
ಮೂರು ತಿಂಗಳು ಕನ್ನಡಿ ಕೇಳಬ್ಯಾಡ್ರಿ.

ಸೋಮವಾರ, ಗುರುವಾರ.
ಬೋರಿನ ನೀರು ಸವುಳು, ಅದಕ್ಕ
ನಳದ ನೀರು ಒಂದು ಕೊಡ ತಲಿಗಂತಲೇ ಮುಚ್ಚಿಟ್ಟೆ.
ಐದು ನಿಮಿಷ ಎಷ್ಟು ಉದ್ದ!
ಬಚ್ಚಲ ಫರಸಿ ಮ್ಯಾಲೆ ಕುಕ್ಕರಗಾಲಿಲೆ ಕೂತು
ನೊರಿ ಕಣ್ಣಿಗಿಳಿಯದಂಗ ಹಣಿ ಹಿಡಕೊಂಡು
ನಿನ್ನಿನ ಚೀಟಿ ಮತ್ತ ಓದತೀನಿ, ಬಾಯಿಲೇ:
ಆಳಂದದ ಲಾರಿ, ಸೇಡಂದು, ಚಿತ್ತಾಪುರದ ಎರಡು.
ಚಿತ್ತಾಪುರ ಮುಗಿದರ ನೀರು ಹಾಕೂದು.

ಒಂದು ಗುರುವಾರ ತಪ್ಪಿತು. ಸೀಜನ್, ರಾತ್ರಿ ಪಾಳಿ.
ಶನಿವಾರಕ್ಕ ಹೆಗಲು ಬೆಳ್ಳಗ.
ಕೊಡಕ್ಕ ಒದ್ದೆ, ನಳದ ನೀರು ಚೆಲ್ಲಿಹೋಯ್ತು.
ಸೋಮವಾರ ಮತ್ತ ಕೂತೆ.

ಬೈತಲಿ ಇನ್ನೂ ಅಗಲ ಅದ.
ಹೋದದ್ದು ಬಂದಿಲ್ಲ.
ಆದ್ರ ಹಣಿಗ್ಯಾಗ ಸಿಗೂ ಕೂದಲ
ಮೊದಲ ಬೆರಳಿಗೆ ಮೂರು ಸುತ್ತು ಬರ್ತಿತ್ತು,
ಈಗ ಒಂದಕ್ಕೂ ಗಂಟು ಕೂಡೂದಿಲ್ಲ.

ನಿನ್ನೆ ಹಮಾಲ ಖಾಜಾಮಿಯಾ
"ಅಕ್ಕಾ, ಹೆಗಲ ಮ್ಯಾಲೆ ಏನೋ ಅದ" ಅಂದ.
ಎದಿ ಧಸಕ್ಕಂತು.
ಬೆರಳಿಲೆ ಎತ್ತಿ ಬಿಸಲಿಗೆ ಹಿಡದೆ.
ಹಳದಿ. ಬ್ಯಾಳಿ ಹಿಟ್ಟು.
ನಾಲಿಗಿಗೆ ಹಚ್ಚಿಯೂ ನೋಡಿದೆ.