ಆರಡಿ ತಗಡು

ಪಂಚಾಯ್ತಿಯವರು ಆರಡಿ ತಗಡು ಕೊಟ್ಟು
ನಾಲ್ಕು ಸಾಲು ಬರಿ ಅಂದರು.
ತದಡಿಗೆ ಬಂದವರಿಗೆ ಊರಿನ ಚೆಂದ ಗೊತ್ತಾಗಬೇಕು,
ಹೊಯ್ಗೆ, ಸೂರ್ಯಾಸ್ತ, ಇತ್ಯಾದಿ.
ಹಸಿರು ಬಣ್ಣ ಬೇಡ, ಅದು ಅರಣ್ಯ ಇಲಾಖೆಯದು.

ನಾನು ದೋಣಿಗೆ ಹೆಸರು ಬರೆಯುವವನು.
ಮೂವತ್ತು ವರ್ಷ ದೋಣಿಯ ಮೂತಿಯ ಮೇಲೇ ಬರೆದು
ಅಕ್ಷರ ನೆಟ್ಟಗೆ ನಿಂತರೆ ಕೈಗೆ ಅನುಮಾನ.
ಬಾಗಿದ ಹಲಗೆಗೆ ಬಾಗಿಸಿ ಬರೆದರೇ
ದೂರದಿಂದ ನೆಟ್ಟಗೆ ಕಾಣುವುದು.
ಚಪ್ಪಟೆ ತಗಡಿನ ಮುಂದೆ
ಕುಂಚ ಅದ್ದಿಕೊಂಡು ಸುಮ್ಮನೆ ಕೂತೆ.

ಸೂರ್ಯಾಸ್ತ ಎಂದು ಬರೆಯಲೆ?
ಆ ಹೊತ್ತಿಗೆ ಇಲ್ಲಿ ಯಾರೂ ಅತ್ತ ನೋಡುವುದಿಲ್ಲ.
ಎಲ್ಲರ ಕಿವಿ ಅಳಿವೆಯ ಕಡೆಗೆ.
ತುಂಬಿದ ಬೋಟಿನ ಎಂಜಿನ್ನು ಗೊರ್ರ್ ಎಂದು ಏದುತ್ತದೆ,
ಖಾಲಿಯದು ಪಟಪಟ ಪಟಪಟ.
‘ಖಾಲಿ ಇದ್ದವರದ್ದೇ ಮಾತು ಜಾಸ್ತಿ’ ಅನ್ನುತ್ತಾಳೆ ಸೋಮಿಯಕ್ಕ
ಸಿಂಬೆಯನ್ನು ತಲೆಯಿಂದ ತೆಗೆದು
ಮತ್ತೆ ಬಳೆಯ ಹಾಗೆ ಮೊಣಕೈಗೆ ಏರಿಸಿ.

ವಾಸನೆ ಬರೆಯೋಣವೆಂದರೆ ಅದಕ್ಕೆ ಯಾವ ಬಣ್ಣ?
ಸೊಸೈಟಿಯ ಕ್ಯಾಶಿಯರು ಘಟ್ಟದ ಮೇಲಿನವರು.
ಬಂದ ಹೊಸತರಲ್ಲಿ ಮೂಗಿಗೆ ಕರ್ಚೀಫು ಕಟ್ಟಿ
ನೋಟು ಎಣಿಸುತ್ತಿದ್ದರು.
ಈಗ ಬಂಗಡೆ ನಾರದ ನೋಟು ಬಂದರೆ
ಬೆಳಕಿಗೆ ಹಿಡಿದು ನೋಡುತ್ತಾರೆ.

ಇಳಿತದಲ್ಲಿ ಹೊಳೆ ಸೊಂಟಕ್ಕಿಳಿದಾಗ
ಬಳಚು ಹೆಕ್ಕುವ ಹೆಂಗಸರು
ಕಣ್ಣು ಎಲ್ಲೋ ಇಟ್ಟು, ಮಾತು ಇನ್ನೆಲ್ಲೋ ಇಟ್ಟು
ಅಂಗಾಲಿನಲ್ಲಿ ಹುಡುಕುತ್ತಾರೆ.
ಅದನ್ನು ಒಂದು ಸಾಲು ಮಾಡಬಹುದಿತ್ತು.
ಆದರೆ ಅಂಗಾಲಿಗೆ ಗೊತ್ತಾದದ್ದು
ನನ್ನ ಕುಂಚಕ್ಕೆ ಹೇಗೆ ಹತ್ತಬೇಕು?

ಮೊನ್ನೆ ಇಬ್ಬರು ಬಂದಿದ್ದರು, ಗಂಡಹೆಂಡತಿ ಇರಬೇಕು,
ಕೊರಳಲ್ಲಿ ಕ್ಯಾಮೆರಾ.
ಇಲ್ಲಿ ನೋಡಲು ಏನಿದೆ ಎಂದು ಕೇಳಿದ್ದು
ಜಟ್ಟಿ ಹರಿಕಂತ್ರನನ್ನು.
ಅವ ಹರಿದ ಬಲೆಯ ಕಣ್ಣು ಹೊಲಿಯುತ್ತಿದ್ದ,
ಹಲ್ಲಲ್ಲಿ ದಾರ, ಉತ್ತರ ಕೊಡಲು ಬಾಯಿಲ್ಲ.
ಬಲೆಯ ಒಂದು ತುದಿ ಅವರ ಕೈಗಿಟ್ಟ.
ದಾರ ಕಚ್ಚಿ ತುಂಡು ಮಾಡಿದ ಮೇಲೆ
‘ಕೂತ್ಕಣಿ, ಗಟ್ಟಿ ಹಿಡ್ಕಣಿ’ ಎಂದ, ಅಷ್ಟೇ.
ಅವರು ಹಿಡಿದರು.
ಮೊದಲು ನಗುತ್ತ, ಆಮೇಲೆ ನಗದೆ,
ಆಮೇಲೆ ಆ ಹೆಂಗಸು ಚಪ್ಪಲಿ ಬಿಟ್ಟು
ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿದಳು,
ನಮ್ಮವರು ಹಿಡಿಯುವ ಹಾಗೆಯೇ. ಯಾರೂ ಕಲಿಸಿರಲಿಲ್ಲ.
ಸೂರ್ಯ ಹೋದ. ಅಘನಾಶಿನಿಗೆ ಹೋಗುವ ಕಡೆಯ ತಾರಿಯೂ ಹೋಯಿತು.
ಕ್ಯಾಮೆರಾ ಐಸಿನ ಪೆಟ್ಟಿಗೆಯ ಮೇಲೆ
ಬೆವರುತ್ತ ಕೂತಿತ್ತು.

ಆ ರಾತ್ರಿ ಡಬ್ಬಿಗಳ ತಳ ಕೆರೆದೆ.
ನೀಲಿ ‘ಸಾಗರಗಂಗೆ’ಯದು, ಬಿಳಿ ಮೂರ್ನಾಲ್ಕು ದೋಣಿಗಳದ್ದು.
ಒಂದು ಕೆಂಪು ಇತ್ತು, ಮುಚ್ಚಳ ತೆಗೆದು
ವಾಪಸ್ ಹಾಕಿದೆ. ಅದರ ದೋಣಿ
ಎರಡು ಮಳೆಗಾಲದ ಹಿಂದೆ ಹೊರಟದ್ದು.
ಮತ್ತೆ ಯಾವುದಕ್ಕೂ ಆ ಬಣ್ಣ ಬಳಿದಿಲ್ಲ,
ಕೇಳಿದರೆ ಒಣಗಿದೆ ಅನ್ನುತ್ತೇನೆ.

ಬೆಳಿಗ್ಗೆ ಸೆಕ್ರೆಟರಿ ಬಂದು ನೋಡಿದರು:
ತದಡಿ.
ಒಂದೇ ಶಬ್ದ, ಅದೂ ದೋಣಿಯ ಮೇಲಿನ ಹಾಗೆ ಬಾಗಿ.
ವಾರೆಯಾಗಿದೆಯಲ್ಲೋ ಎಂದರು.
ದೂರ ಹೋಗಿ ನೋಡಿ ಎಂದೆ.
ಹೋದರು, ನೋಡಿದರು, ಅಲ್ಲಿಂದಲೂ ವಾರೆಯೇ.
ತಗಡಿನ ಮೇಲೆ ನನ್ನ ವಿದ್ಯೆ ನಡೆಯುವುದಿಲ್ಲ ಎಂದು
ನನಗೂ ಆಗಲೇ ತಿಳಿದದ್ದು.
ಅರ್ಧ ದುಡ್ಡು ಕೊಟ್ಟರು.
ಉಳಿದ ಮೂರು ಸಾಲು ಬರೆದ ಮೇಲೆ ಉಳಿದ ದುಡ್ಡು.

ಈಗ ಬೋರ್ಡಿನ ನೆರಳಲ್ಲಿ
ಸೋಮಿಯಕ್ಕನ ಬುಟ್ಟಿ ಕೂತಿದೆ, ಗಿರಾಕಿಯೂ ಕೂತಿದ್ದಾನೆ.
ಖಾಲಿ ಬಿಟ್ಟ ಜಾಗದ ಮೇಲೆ
ಜಟ್ಟಿ ಬಲೆ ಹರವಿ ಒಣಗಿಸುತ್ತಾನೆ.
ಊರಿನ ಹೆಸರು ಓದಬೇಕೆಂದರೆ
ಗಾಳಿ ಬೀಸುವ ತನಕ ನಿಲ್ಲಬೇಕು.