ಬಲಗಿವಿ

ಪಾಲಿಬೆಟ್ಟದ ಥ್ರಾಪ್ ದೊರೆಯ ಬಂಗಲೆಯಲ್ಲಿ
ನನ್ನಜ್ಜ ಇನಾಸ್, ಬಟ್ಲರ್.
ತಿಂಗಳಿಗೆ ಹದಿನಾಲ್ಕು ರೂಪಾಯಿ, ಎರಡು ಜೊತೆ ಬಿಳಿ ಅಂಗಿ,
ಕ್ರಿಸ್ಮಸ್ಸಿಗೆ ಒಂದು ಬಾಟಲಿ, ಅದೂ ಅರ್ಧ.

ಕಾಡುಕೋಳಿಗೆಂದು ಎತ್ತಿದ ಕೋವಿಯನ್ನು
ದೊರೆ ಅಜ್ಜನ ಹೆಗಲ ಪಕ್ಕದಲ್ಲೇ ಹಾರಿಸಿದ.
ಕೋಳಿ ಹಾರಿಹೋಯಿತು.
ಬಲಗಿವಿಯೂ ಅದರ ಜೊತೆಗೇ ಹೋಯಿತು.
ಅಂದಿನಿಂದ ಯಾರು ಕರೆದರೂ ಅಜ್ಜ
ಕತ್ತನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ
ಎಡಗಿವಿ ಮುಂದೆ ಕೊಟ್ಟು
ಕಣ್ಣು ನೆಲಕ್ಕಿಳಿಸಿ
ಅರೆಕ್ಷಣ ತಡೆದು
"ಯೆಸ್ ಸಾರ್" ಅನ್ನುತ್ತಿದ್ದ.
ಆ ಅರೆಕ್ಷಣ ಮರ್ಯಾದೆಯದಲ್ಲ,
ಕೇಳಿಸಿದ ಚೂರುಗಳನ್ನು ಜೋಡಿಸಿಕೊಳ್ಳುವ ಹೊತ್ತು.

ಊಟದ ಮೇಜಿನ ಕೆಳಗೆ ಕೂತು
ಇದನ್ನೆಲ್ಲ ನೋಡುತ್ತಿದ್ದವನು ಮರಿದೊರೆ ಲೈನಲ್.
ಪಾತ್ರೆಯ ಮುಚ್ಚಳವನ್ನೇ ಟ್ರೇ ಮಾಡಿಕೊಂಡು
ಅಜ್ಜನ ಬೆನ್ನಿಗೇ ನಡೆಯುತ್ತಿದ್ದ.
ಅಜ್ಜಿ ಸೆರಫಿನಾ ನಕ್ಕೂ ನಕ್ಕೂ
ಕಡಂಬುಟ್ಟಿನ ಹಿಟ್ಟು ಕೈಯಲ್ಲೇ ಒಣಗುತ್ತಿತ್ತು.
ಏಳು ತುಂಬಿದ್ದೇ ಹುಡುಗನನ್ನು ಹಡಗು ಹತ್ತಿಸಿದರು.
ಅತ್ತನಂತೆ. ಜೇಬಿನಲ್ಲಿ ಕಿತ್ತಳೆ ಸಿಪ್ಪೆ ಇತ್ತಂತೆ.
ಅಂತೆಕಂತೆ.

ಮಿಕ್ಕಿದ್ದು ನನಗೆ ಗೊತ್ತಾದದ್ದು
ಲೈನಲನ ತಂಗಿಯ ಮಗಳು ಬಂಗಲೆ ಹುಡುಕಿ ಬಂದು
ನನ್ನ ಜೀಪು ಹತ್ತಿದಾಗ.
ಅವಳ ಮಡಿಲಲ್ಲೊಂದು ಫೈಲು.
ಸಮುದ್ರದಂಡೆಯ ನಾಟಕ ಕಂಪನಿಯಲ್ಲಿ ಪರದೆ ಎಳೆದ,
ಯುದ್ಧದಲ್ಲಿ ಆಲೂಗಡ್ಡೆ ಸುಲಿದ,
ಆಮೇಲೆ ಸಿನಿಮಾ, ಐವತ್ತಮೂರು.
ಹೆಸರು ಬರುವುದು ಅಡುಗೆಯವಳಾದ ಮೇಲೆ,
ನಾಯಿಗಿಂತ ಮೊದಲು.
ರೈಲ್ವೆ ಗಾರ್ಡು ಎರಡು ಸಲ, ಪಾದ್ರಿ ಒಮ್ಮೆ,
ಜಡ್ಜು ಒಮ್ಮೆ, ಯಾರೂ ನಂಬಲಿಲ್ಲ.
ಬಾಕಿಯೆಲ್ಲ ಬಟ್ಲರ್.
ಬಾಗಿಲು ತೆರೆಯುವುದು. ಒದ್ದೆ ಕೋಟು ಇಸಿದುಕೊಳ್ಳುವುದು.
"ಲೈಬ್ರರಿಯಲ್ಲಿ ಹೆಣ ಬಿದ್ದಿದೆ, ಅಮ್ಮಾವರೇ. ಚಹಾ ಈಗಲೇ ತರಲೇ?"
ಬಾಳಿನಲ್ಲೆಲ್ಲ ಅದೇ ಅವನ ಉದ್ದದ ಮಾತು.

ಹೆಂಡತಿ ಬಿಟ್ಟುಹೋದ ದಿನ
ಬಾಗಿಲನ್ನು ತಾನೇ ತೆರೆದು ಹಿಡಿದನಂತೆ.
ಹುಟ್ಟಿದೂರು ಯಾವುದೆಂದರೆ ಸಸೆಕ್ಸ್ ಅನ್ನುತ್ತಿದ್ದನಂತೆ.
ಕೊನೆಗೆ ಮುದಿ ನಟರ ಆಶ್ರಮದಲ್ಲಿ
ಯಾರ ಕೋಣೆಯ ಗಂಟೆ ಬಾರಿಸಿದರೂ
ಹಾಸಿಗೆಯಿಂದ ಏಳುತ್ತಿದ್ದ,
ನರ್ಸುಗಳಿಗೆ ಸಾಕಾಗಿಹೋಗಿತ್ತು.

ಹಳದಿ ತಿರುಗಿದ ಪತ್ರಿಕೆಯ ತುಂಡೊಂದನ್ನು
ಅವಳು ನನಗಾಗಿ ಗಟ್ಟಿಯಾಗಿ ಓದಿದಳು:
"ಆ ಕತ್ತಿನ ವಾಲು! ಆ ಮೌನದ ಗತ್ತು!
ಏಳು ತಲೆಮಾರು ಇಂಗ್ಲೆಂಡಿನ ಮಂಜು ಕುಡಿದವನಿಗಲ್ಲದೆ
ಇನ್ಯಾರಿಗೆ ಬಂದೀತು?"

ಗೇರು ಬದಲಿಸಿದೆ. ಅಮ್ಮತ್ತಿಯ ತಿರುವು,
ಎದುರಿಗೆ ಮರದ ದಿಮ್ಮಿಯ ಲಾರಿ.
"ನಿಮ್ಮ ಮಾವನಿಗೆ ಕಿವಿ ಕೇಳಿಸುತ್ತಿತ್ತೇ?"
"ಬಾವಲಿಗೆ ಕೇಳಿಸಿದ ಹಾಗೆ," ಅಂದಳು. "ಯಾಕೆ?"
ಸುಮ್ಮನೆ, ಅಂದೆ.
ಬಂಗಲೆಯ ಗೇಟಿನಲ್ಲಿ ವಾಚ್‌ಮ್ಯಾನು ಒಳಗೆ ಬಿಡಲಿಲ್ಲ.
ಬೇಲಿಯ ಮೇಲಿಂದ ಕಾಫಿ ಹೂವಿನ ಫೋಟೋ ತೆಗೆದುಕೊಂಡಳು.

ಅರವತ್ತಮೂರರ ಒಂದು ಭಾನುವಾರ,
ವಿರಾಜಪೇಟೆಯಲ್ಲಿ ಇಗರ್ಜಿಯ ಪೂಜೆ ಮುಗಿಸಿ
ಬೆಳಗಿನ ಆಟಕ್ಕೆ ಅಜ್ಜ ನನ್ನ ಕೈ ಹಿಡಿದು ಕರೆದೊಯ್ದಿದ್ದ.
ತಗಡಿನ ಮಾಡಿನ ಮೇಲೆ ಹೂಮಳೆ ಸುರಿದು
ಟಾಕೀಸಿಗೆ ಟಾಕೀಸೇ ಕಿವುಡು.
ತೆರೆಯ ಮೇಲೆ ಯಾರೋ ಕರೆದರು.
ಬಟ್ಲರ್ ಬಂದ.
ಕತ್ತು ತಿರುಗಿಸಿದ. ಕಣ್ಣು ಇಳಿಸಿದ. ತಡೆದ.
ನಾನು ತಟಕ್ಕನೆ ಪಕ್ಕಕ್ಕೆ ನೋಡಿದೆ,
ಅಜ್ಜ ಇಲ್ಲೇ ಇದ್ದಾನೆಯೇ ಎಂದು.

ಇದ್ದ. ಕಡಲೆಕಾಯಿ ಸುಲಿಯುತ್ತಿದ್ದ.
"ಪಾಪ," ಅಂದ,
"ಆ ಮನುಷ್ಯನದೂ ಬಲಗಿವಿ ಹೋಗಿದೆ.
ಯಾವ ದೊರೆಯ ಕೋವಿಯೋ."

ಆಮೇಲೆ ಬಸ್ಸಿನಲ್ಲಿ, ನಿದ್ದೆ ಬಂತೇನೋ ಅನ್ನುವಾಗ:
"ಟ್ರೇ ಹಿಡಿದದ್ದು ಮಾತ್ರ ಸರಿಯಿಲ್ಲ.
ಹೆಬ್ಬೆರಳು ಅಂಚಿನ ಮೇಲೆ ಬರಬಾರದು.
ಯಾರೂ ಹೇಳಿಕೊಟ್ಟಿಲ್ಲ ಅವನಿಗೆ."