ನಲವತ್ತು ಕುರ್ಚಿ

ಮಾಸೆರುವಿನ ಕಿಂಗ್ಸ್‌ವೇ ರಸ್ತೆಯಲ್ಲಿ
ಸುಟ್ಟ ಅಂಗಡಿಗಳ ಗೋಡೆ ಇನ್ನೂ ಕಪ್ಪಗಿದ್ದಾಗಲೇ
ಬಡಗಿ ಸೆಖೋಬೆಗೆ ಬಂತು ಆರ್ಡರು:
ಕುರ್ಚಿ, ನಲವತ್ತು.
ಇರುವ ಎಂಬತ್ತರದೇ ಅಳತೆ, ಅದೇ ಬಣ್ಣ.
ಇವರು ಆಮೇಲೆ ಬಂದವರು ಎಂದು
ಗುರುತು ಸಿಗಬಾರದು.

ಸೋತವರಿಗೆ ಮಣೆ ಹಾಕುವ ಕೆಲಸ
ಹೀಗೆ ಬಡಗಿಯ ಪಾಲಿಗೆ ಬಂತು.

ಅಳತೆಪಟ್ಟಿ ಹಿಡಿದು ಖಾಲಿ ಸಭೆಯೊಳಗೆ ಹೋದ.
ಎಪ್ಪತ್ತೊಂಬತ್ತು ಒಂದೇ ಪಕ್ಷದವು,
ಒರಗಿ ಒರಗಿ ಬೆನ್ನು ಹೊಳೆಯುತ್ತಿದ್ದವು.
ಉಳಿದ ಒಂದರ ಕೈ ಮೇಲೆ
ಉಗುರಿನ ಗೀರು, ಗೀರಿನ ಮೇಲೆ ಗೀರು.
ಒಂಟಿ ಮನುಷ್ಯ ಇಷ್ಟು ವರ್ಷ
ಏನು ತಾನೆ ಮಾಡಿಯಾನು,
ಕೆರೆದಿದ್ದಾನೆ.

ಒಲೆಗೆ ಹೊಟ್ಟು ಕೇಳಲು ಬರುವ ಮಾಖೌಹೆಲೊ
ಹೊದ್ದ ಕಂಬಳಿ ಬಿಚ್ಚದೆ ಬಾಗಿಲಲ್ಲೇ ಕೂತಳು.
'ನೂರರಲ್ಲಿ ಅರವತ್ತು ಜನ ಅವರಿಗೆ ಒತ್ತಿದರು, ಸರಿ.
ಮಿಕ್ಕ ನಾವು ನಲವತ್ತು
ಯಾವ ಬಿಲದೊಳಗೆ ಹೋದೆವು?'

ಊರೂರಲ್ಲೂ ಇಷ್ಟಿಷ್ಟಕ್ಕೇ ಸೋತ ಚೀಟಿಗಳು
ಹೊಳೆಯಲ್ಲಿ ಕಿವುಚಿದ ಹುಣಸೆಹಣ್ಣು:
ನೀರಿಗೆ ಹುಳಿಯಿಲ್ಲ, ಕೈಗೆ ಹಣ್ಣಿಲ್ಲ.

'ಅದಕ್ಕೇ ಊರಿಗೆ ಬೆಂಕಿ ಬಿತ್ತು ಅನ್ನಲಾರೆ.
ಆದರೆ ಕೂರಲು ಜಾಗ ಸಿಗದವರು ನಿಂತೇ ಇರುತ್ತಾರೆ,
ನಿಂತವರ ಕೈಗೆ ಕಲ್ಲು ಬೇಗ ಬರುತ್ತದೆ.
ನನ್ನ ತಮ್ಮನ ಹೊಲಿಗೆ ಅಂಗಡಿಯಲ್ಲಿ
ಮೆಷಿನ್ನಿನ ಚಕ್ರವೊಂದು ಉಳಿಯಿತು.
ಅವನು, ನೋಡು, ಗೆದ್ದವರಿಗೇ ಒತ್ತಿದ್ದವನು.'

ಸೆಖೋಬೆ ಉಜ್ಜುಗೊರಡು ನಿಲ್ಲಿಸಲಿಲ್ಲ.
'ನಲವತ್ತು ಸಂಬಳ ಹೆಚ್ಚು. ನಲವತ್ತು ಕಾರು.
ನಿನ್ನ ಜೋಳದ ಬಿಯರಿನ ಮೇಲೇ ಕಣ್ಣು ಹಾಕುತ್ತಾರೆ.'
'ಹಾಕಲಿ. ಕುಡಿದ ಮೇಲೆ ಯಾರಾದರೂ
ನನ್ನ ಮಾತು ಆಡಿಯಾರು.'

ಕೊನೆಯ ಕುರ್ಚಿ ಕಿರ್ರೆಂದಿತು.
ಕೂತು ನೋಡಿದ್ದು ಅವಳೇ, ಕಂಬಳಿ ಸಮೇತ.
ಮೊಳೆ ಬಿಗಿಮಾಡಲು ಹೋದ ಅವನ ಕೈ ಹಿಡಿದಳು:
'ಇರಲಿ ಬಿಡು.
ಅಲ್ಲಿ ಏನೋ ಒಂದು ಸದ್ದು ಆಗಲಿ.'

ಮೇ ತಿಂಗಳು, ಬೆಟ್ಟದಲ್ಲಿ ಚಳಿ ಕಚ್ಚತೊಡಗಿತ್ತು.
ಈ ಸಲ ಕೈಗೆ ಎರಡು ಚೀಟಿ ಕೊಟ್ಟರು,
ಒಂದು ಆಳಿಗೆ, ಒಂದು ಪಕ್ಷಕ್ಕೆ.
ಮೊದಲನೆಯದು ಎಂದಿನಂತೆ ಸೋತಿತು.
ಎರಡನೆಯದು ಕುದುರೆ ದಾರಿ ಹಿಡಿದು ಇಳಿದು
ಸೆಮೊಂಕೋಂಗಿನ, ಮೊಖೋಟ್ಲೋಂಗಿನ
ಗುರುತಿಲ್ಲದವರ ಚೀಟಿಗಳ ಜೊತೆ ಕೂಡಿ
ಒಂದು ಕುರ್ಚಿಯಾಯಿತಂತೆ.
ಪಾಲು ಹಾಕಿ ನೋಡಿದರೆ
ಅವಳದು ಅದರಲ್ಲಿ
ಒಂದು ಮೊಳೆಯೂ ಅಲ್ಲ,
ಮೊಳೆಯ ತಲೆಯ ಮೇಲಿನ ಮಿಣುಕು.

ಆದರೂ ರೇಡಿಯೋ ಹಚ್ಚಿ ಕೂತಳು.
ಮಂತ್ರಿಯೊಬ್ಬ ರಸ್ತೆಗಳ ಲೆಕ್ಕ ಓದುತ್ತಿದ್ದ.
ನಡುವೆ ಯಾರೋ ಕೇಳಿದರು, 'ಯಾವ ಊರಿನ ರಸ್ತೆ?'
ಆಮೇಲೆ ಮೌನ. ಮೌನದೊಳಗೆ
ಕಿರ್ರೆಂದು ಒಂದು ಕುರ್ಚಿ.

'ಅಗೋ, ನಮ್ಮದು!' ಎಂದು
ಸೋಸುತ್ತಿದ್ದ ಬಿಯರು ಅರ್ಧ ಚೆಲ್ಲಿ ನಕ್ಕಳು.

ಸೆಖೋಬೆ ಮಾತ್ರ ಆಣೆ ಇಡುತ್ತಾನೆ:
ನಮ್ಮದಲ್ಲ ಅದು.
ಅವಳು ಅತ್ತ ಹೋದದ್ದೇ
ಬಿಗಿಮಾಡಿದ್ದೆ ನಾನು, ನಾಲ್ಕೂ ಕಾಲು.
ಕಿರುಗುಟ್ಟಿದ್ದು ಹಳೆಯ ಎಂಬತ್ತರಲ್ಲಿ
ಯಾವುದೋ ಒಂದು.